ಬಿಸಿಲುಸೀಮೆಯ ಕಟ್ಟಡಗಳಲ್ಲಿ ಬೆಳಕು ಮತ್ತು ಕೋರೈಕೆ

ಉಷ್ಣವೂ ಶುಷ್ಕವೂ ಆದ ಪ್ರದೇಶಗಳಲ್ಲಿ ಹಗಲ ಬೆಳಕನ್ನು ಬೇಕಾದಷ್ಟು ಮಾತ್ರ ಕಟ್ಟಡದೊಳಕ್ಕೆ ಬರಮಾಡಿಕೊಂಡು, ಅದರ ಬೆನ್ನಿಗೇ ನುಗ್ಗುವ ಝಳವನ್ನೂ ಕಣ್ಣು ಕೋರೈಸುವ ಪ್ರಖರಪ್ರಭೆಯನ್ನೂ ಹೊಸ್ತಿಲಾಚೆಗೇ ತಡೆದು ನಿಲ್ಲಿಸುವ ವಾಸ್ತುಕೌಶಲಕ್ಕೆ ಸಂಬಂಧಿಸಿದ ವಿಷಯವಿದು. ಈಜಿಪ್ಟ್, ಅರೇಬಿಯ, ರಾಜಸ್ಥಾನಗಳಂಥ ಮರುಭೂಮಿಗಳಲ್ಲಿ ಈ ಕೌಶಲ ಶತಮಾನಗಳಿಂದ ಬೆಳೆದುಬಂದಿದೆಯಾದರೂ, ಮರುಭೂಮಿಯೆಂಬ ಹೆಸರಿಲ್ಲದ ಅರೆಶುಷ್ಕ ನಾಡುಗಳಲ್ಲಿಯೂ ಜನ ತಮ್ಮ ಮನೆಗಳನ್ನು ಇದೇ ಧರ್ಮಕ್ಕನುಸಾರವಾಗಿ ಕಟ್ಟಿಕೊಂಡಿರುವುದನ್ನು ಕಾಣಬಹುದಾಗಿದೆ. ಬೆಳಗಾವಿ ಜಿಲ್ಲೆಯ ಉತ್ತರಭಾಗದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳು ಅಂಥ ನಾಡಿಗೆ ಉತ್ತಮ ನಿದರ್ಶನಗಳು. ಪ್ರಸ್ತುತ ಲೇಖನ ಮುಖ್ಯವಾಗಿ ಈ ಸೀಮೆಯನ್ನು ಆಧರಿಸಿದೆ.

ಪಶ್ಚಿಮಕ್ಕೆ ಸಹ್ಯಾದ್ರಿಯ ಮಗ್ಗುಲಲ್ಲಿ ವೇದಗಂಗಾ ದೂಧಗಂಗಾ ನದಿಗಳ ನೀರುಂಡು ಇರುವ ನಿಪ್ಪಾಣಿಯಿಂದ ಹೊರಟು, ಕೃಷ್ಣೆಯ ದಂಡೆಗುಂಟ ಪೂರ್ವಾಭಿಮುಖವಾಗಿ ಅಥಣಿಯತ್ತ ಸಾಗಿದಂತೆ ಮಳೆ ಕಡಿಮೆಯಾಗುತ್ತದೆ, ಗಿಡಮರ ವಿರಳವಾಗುತ್ತವೆ, ಆಕಾಶ ವಿಸ್ತಾರವಾಗುತ್ತದೆ. ಘಟ್ಟದ ಮಳೆನೆರಳಿನಲ್ಲಿರುವ ಈ ಪೂರ್ವಭಾಗದಲ್ಲಿ ಹೋಳಿಹುಣ್ಣಿಮೆಯಿಂದ ಮೃಗಶಿರಾ ಮಳೆಯವರೆಗಿನ ಮೂರು ತಿಂಗಳು ಮರುಭೂಮಿಯ ತಿಂಗಳುಗಳೇ ಸರಿ. ಆಗ ಗಾಳಿಯಲ್ಲಿ ತೇಲುವ ಧೂಳಿನಿಂದ ಆಕಾಶದ ನೀಲಿ ಮಾಸಿ, ಸೂರ್ಯನ ಸುತ್ತಣ ಬಹುಭಾಗವೆಲ್ಲ ಬೆಳ್ಳಗೆ ಉರಿಯುತ್ತದೆ. ಈ ಸೀಮೆಯ ಎರೆಭೂಮಿ ಕಪ್ಪಾಗಿದ್ದು ತನ್ನ ಮೇಲೆ ಬಿದ್ದ ಬೆಳಕಿನ ಹತ್ತನೆಯ ಒಂದು ಪಾಲನ್ನಷ್ಟೇ ಮರಳಿಸುವುದೆಂಬುದು ಕಣ್ಣಿಗೆ ಆದ ಉಪಕಾರ. ಆದರೆ ಊರೊಳಗಿನ ತುಳಿದ ಮಣ್ಣು, ಫರಸಿಕಲ್ಲು, ಸುಣ್ಣದ ಗೋಡೆ ಇವು ಅದಕ್ಕೆ ಹಲವು ಪಟ್ಟು ಬೆಳಕನ್ನು ಮೇಲಕ್ಕೆ ಎಸೆಯುತ್ತವೆ. ಉಗಾರ ಖುರ್ದದಲ್ಲಿ 1939ರಲ್ಲಿ ಸ್ಥಾಪಿತವಾದ ಸಕ್ಕರೆ ಕಾರ್ಖಾನೆಯೂ ಅನಂತರ ಬಂದ ಇತರ ಕಾರ್ಖಾನೆಗಳೂ ನದೀತೀರವನ್ನು ಕಬ್ಬಿನ ಹಸಿರಿನಿಂದ ಮುಚ್ಚಿದ ಮೇಲೆ, ದಂಡೆಯ ಊರುಗಳ ಮನೆಗಳಿಗೆ ನೆಲದಿಂದ ಬರುವ ಪ್ರಭೆ ತಗ್ಗಿತಾಗಿ, ಅದರ ಬಾಧೆಯನ್ನು ಇಂದು ಸಂಪೂರ್ಣವಾಗಿ ಅನುಭವಿಸುವವರು ನೀರಾವರಿಯಿಲ್ಲದ ಪೂರ್ವದ ಹಳ್ಳಿಗಳವರು.

ಈ ಐದು ಊರುಗಳೂ ಉತ್ತರ ಅಕ್ಷಾಂಶ ಹದಿನಾರೂವರೆ ಡಿಗ್ರಿಯ ಆಸುಪಾಸಿನಲ್ಲಿರುವುದರಿಂದ ಸೂರ್ಯ ವರ್ಷಕ್ಕೆ ಎರಡು ಬಾರಿ, ಮೇ ಮತ್ತು ಆಗಸ್ಟ್ ತಿಂಗಳುಗಳ ಮೊದಲ ವಾರಗಳಲ್ಲಿ, ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ಇಲ್ಲಿಯ ಮಧ್ಯಾಹ್ನ ಗಡಿಯಾರದ ಹನ್ನೆರಡಕ್ಕಲ್ಲ, ಸುಮಾರು ಹನ್ನೆರಡೂವರೆಗೆ. ಏಕೆಂದರೆ ಭಾರತದ ಕಾಲಮಾನ ನಿಂತಿರುವ ರೇಖಾಂಶದಿಂದ ಈ ಸೀಮೆ ಏಳೆಂಟು ಡಿಗ್ರಿ ಪಶ್ಚಿಮಕ್ಕಿದೆ. ಡಿಸೆಂಬರಿನ ದಕ್ಷಿಣಾಯನದ ತುದಿಯಲ್ಲಿ ಮಧ್ಯಾಹ್ನದ ಸೂರ್ಯ ದಕ್ಷಿಣ ಕ್ಷಿತಿಜದಿಂದ 50 ಡಿಗ್ರಿ ಎತ್ತರದಲ್ಲಿರುತ್ತಾನೆ. ಜೂನ್ 21ರಂದು ನೆತ್ತಿಯನ್ನು ದಾಟಿ ಉತ್ತರಕ್ಕೆ ಏಳು ಡಿಗ್ರಿ ವಾಲಿರುತ್ತಾನೆ. ಉತ್ತರದ ಕಿಟಕಿಗೆ ಬಿಸಿಲೇ ಬೀಳದೆಂಬುದು ಶೀತದೇಶಗಳ ಪುಸ್ತಕಗಳಿಂದ ಬಂದ ಮಾತು. ಇಲ್ಲಿ ಮಾರ್ಚಿನಿಂದ ಸೆಪ್ಟೆಂಬರಿನವರೆಗೆ ಸೂರ್ಯ ಈಶಾನ್ಯದ ಕಡೆ ಹುಟ್ಟಿ ವಾಯವ್ಯದ ಕಡೆ ಮುಳುಗುವನಾದ್ದರಿಂದ, ಬೇಸಗೆಯ ಬೆಳಗು ಬೈಗುಗಳಲ್ಲಿ ಉತ್ತರದ ಗೋಡೆಯೂ ಬಿಸಿಲುಣ್ಣುತ್ತದೆ. ಇದನ್ನು ಅರಿಯದೆ ಉತ್ತರಕ್ಕೆ ವಿಶಾಲವಾದ ಗಾಜು ಹಾಕಿಸಿಕೊಂಡವರು ಮೇ ತಿಂಗಳಲ್ಲಿ ಪಶ್ಚಾತ್ತಾಪಪಡಬೇಕಾಗುತ್ತದೆ.

ಕೋರೈಕೆ ಎಂದರೆ ಕೇವಲ ಬೆಳಕಿನ ಆಧಿಕ್ಯವಲ್ಲವೆಂಬುದನ್ನು ಮೊದಲು ಮನಗಾಣಬೇಕು. ಬೆಳಕನ್ನು ಅಳೆಯುವ ಮಾನವಾದ ಲಕ್ಸಿನಲ್ಲಿ ಹೇಳುವುದಾದರೆ, ಬಯಲಿನಲ್ಲಿ ನಡುಹಗಲ ಬಿಸಿಲು ಲಕ್ಷ ಲಕ್ಸಿನಷ್ಟಿರುತ್ತದೆ. ಓದುಬರಹಕ್ಕೆ ಬೇಕಾದುದು 300 ಲಕ್ಸ್ ಮಾತ್ರ. ಹೊಲದಲ್ಲಿ ಕೆಲಸಮಾಡುವವನ ಕಣ್ಣು ಆ ಮಹಾಪ್ರಕಾಶಕ್ಕೆ ಹೊಂದಿಕೊಂಡು ಹೆಚ್ಚಿನ ನೋವಿಲ್ಲದೆ ನೋಡಬಲ್ಲುದು. ಅದೇ ಮನುಷ್ಯ ಕತ್ತಲ ಕೋಣೆಯೊಳಗೆ ಕುಳಿತು, ಎದುರಿನ ಸಣ್ಣ ಕಿಟಕಿಯಲ್ಲಿ ಸುಡುವ ಆಕಾಶದ ಒಂದು ತುಂಡನ್ನು ಕಂಡಾಗ ಕಣ್ಣು ಕಿರಿದುಮಾಡುತ್ತಾನೆ. ಎರಡು ವಿಧದ ಕೋರೈಕೆಗಳನ್ನು ಶಾಸ್ತ್ರಜ್ಞರು ಗುರುತಿಸುತ್ತಾರೆ: ನೋಡಬೇಕಾದುದನ್ನೇ ಕಾಣದಂತೆ ಮಾಡುವಂಥದು ಒಂದು, ಕಂಡರೂ ಆಯಾಸ, ತಲೆನೋವು, ಕಿರಿಕಿರಿಗಳನ್ನು ತರುವಂಥದು ಇನ್ನೊಂದು. ಎರಡಕ್ಕೂ ಮೂಲ ಒಂದೇ, ಅಕ್ಕಪಕ್ಕದ ವಸ್ತುಗಳ ಕಾಂತಿಯಲ್ಲಿರುವ ಅಗಾಧ ಅಂತರ. ಕಣ್ಣು ನೆಟ್ಟಿರುವ ವಸ್ತು, ಅದರ ಸನಿಹದ ಹಿನ್ನೆಲೆ, ದೂರದ ಪರಿಸರ ಇವುಗಳ ಕಾಂತಿ 10:3:1ರ ಪ್ರಮಾಣದಲ್ಲಿದ್ದರೆ ನೋಟ ಸುಖಕರವಾಗಿರುತ್ತದೆಂಬುದು ಬಳಕೆಯಲ್ಲಿರುವ ಸ್ಥೂಲನಿಯಮ. ಹೊರಗಿನ ಬಿಸಿಲಿನಿಂದ ಒಳಗಿನ ಕತ್ತಲೆಗೆ ಬಂದ ಕಣ್ಣು ತನ್ನ ಮೊದಲ ಹೊಂದಾಣಿಕೆಗೆ ಹತ್ತು ನಿಮಿಷವನ್ನೂ ಪೂರ್ಣ ಹೊಂದಾಣಿಕೆಗೆ ಅರ್ಧಗಂಟೆಯನ್ನೂ ತೆಗೆದುಕೊಳ್ಳುವುದರಿಂದ, ಬಯಲಿಗೂ ಒಳಮನೆಗೂ ನಡುವೆ ಬೆಳಕಿನ ಮೆಟ್ಟಿಲುಗಳಿರಬೇಕಾದುದು ಅಗತ್ಯ. ಮರುಭೂಮಿಯ ವಾಸ್ತುವಿನ ಸಾರಸರ್ವಸ್ವವೂ ಈ ಸೋಪಾನದಲ್ಲಿದೆಯೆಂದರೆ ಅತಿಶಯೋಕ್ತಿಯಾಗಲಾರದು.

ಅಥಣಿ, ಕಾಗವಾಡ, ರಾಯಬಾಗಗಳ ಹಳೆಯ ಮಾಳಿಗೆಮನೆಯನ್ನು ಈ ದೃಷ್ಟಿಯಿಂದ ಪರೀಕ್ಷಿಸಿದರೆ ಅದರ ರಚನೆಯ ಔಚಿತ್ಯ ಸ್ಪಷ್ಟವಾಗುವುದು. ಮನೆಯ ಮುಂದೆ ಬೇವಿನ ಮರವೊಂದು. ಅದರಡಿ ಅಥವಾ ಬಾಗಿಲ ಎರಡೂ ಕಡೆ ಕಲ್ಲಿನ ಕಟ್ಟೆ. ಬೇಸಗೆಯಲ್ಲಿ ಕಣಿಕೆಯನ್ನೋ ತೆಂಗಿನ ಗರಿಯನ್ನೋ ಹೊದಿಸಿದ ಹಂದರ. ಬಯಲಿನಿಂದ ಬಂದವನ ಕಣ್ಣಿಗೆ ಇದು ಮೊದಲನೆಯ ಮೆಟ್ಟಿಲು. ತಲೆಬಾಗಿಲನ್ನು ದಾಟಿದರೆ ಮರದ ಕಂಬಗಳ ಪಡಸಾಲೆ; ಅಲ್ಲಿಗೆ ಬಿಸಿಲು ಬಾರದು, ಅಂಗಳದಿಂದ ಪ್ರತಿಫಲಿಸಿದ ಬೆಳಕು ಮಾತ್ರ ಬರುವುದು. ಅದರ ಹಿಂದೆ ನಡುಮನೆ, ಅದರೊಳಗೆ ಅಡಿಗೆಮನೆ, ದೇವರ ಜಗುಲಿ. ಹೀಗೆ ಪ್ರತಿಯೊಂದು ಹೊಸ್ತಿಲಿನಲ್ಲಿಯೂ ಬೆಳಕು ತನ್ನ ಕೆಲವು ಪಾಲನ್ನು ಬಿಟ್ಟುಕೊಡುತ್ತ, ಕಣ್ಣಿಗೆ ತಿಳಿಯದಂತೆ ಮೆಲ್ಲಮೆಲ್ಲನೆ ಇಳಿದುಹೋಗುತ್ತದೆ. ಗೋಡೆಗಳು ಮಣ್ಣಿನವು ಅಥವಾ ಕಲ್ಲುಮಣ್ಣಿನವು. ದಪ್ಪ ಎರಡು ಮೂರು ಅಡಿ. ಅಷ್ಟು ದಪ್ಪದ ಗೋಡೆಯಲ್ಲಿ ಕೊರೆದ ಚಿಕ್ಕ ಕಿಟಕಿಯ ಇಕ್ಕೆಲದ ಸುಣ್ಣ ಬಳಿದ ಮಗ್ಗುಲುಗಳು ಆಕಾಶದಷ್ಟು ಪ್ರಖರವೂ ಅಲ್ಲದ, ಒಳಗೋಡೆಯಷ್ಟು ಮಂಕೂ ಅಲ್ಲದ ಮಧ್ಯಮಕಾಂತಿಯಿಂದ ಬೆಳಗುತ್ತ, ಎರಡರ ನಡುವಣ ಅಂತರವನ್ನು ಮೃದುಗೊಳಿಸುತ್ತವೆ. ಇಂದಿನ ಒಂಬತ್ತಂಗುಲದ ಇಟ್ಟಿಗೆ ಗೋಡೆಯಲ್ಲಿ ಕೂಡಿಸಿದ ಗಾಜಿನ ಕಿಟಕಿಗೆ ಈ ಅನುಕೂಲವಿಲ್ಲ.

ತೊಲೆ, ಜಂತಿಗಳ ಮೇಲೆ ಹಲಗೆಯನ್ನೋ ಕಟ್ಟಿಗೆಯನ್ನೋ ಹೊದಿಸಿ, ಅದರ ಮೇಲೆ ಸವಳು ಮಣ್ಣನ್ನು ದಪ್ಪನಾಗಿ ತುಳಿದು ಮಾಡಿದ ಮೇಲ್ಮುದ್ದೆಯ ಮಾಳಿಗೆಯಲ್ಲಿ ಬೆಳಕಿಂಡಿಯನ್ನು ಬಿಡುವುದು ಈ ಸೀಮೆಯ, ಹಾಗೂ ಇಡೀ ಉತ್ತರ ಕರ್ನಾಟಕದ, ವಿಶಿಷ್ಟ ಪದ್ಧತಿ. ಗೇಣುದ್ದದ ಈ ರಂಧ್ರಕ್ಕೆ ಮಳೆ ಬಂದಾಗ ಕಲ್ಲುಚಪ್ಪಡಿಯನ್ನೋ ಗಡಿಗೆಯನ್ನೋ ಮುಚ್ಚುವರು; ಮುಂದೆ ಗಾಜು ಸುಲಭವಾಗಿ ದೊರಕುವಂತಾದಾಗ ಗಾಜಿನ ತುಂಡನ್ನು ಕೂಡಿಸಿದರು. ಗೋಡೆಯ ಕಿಟಕಿ ಕಣ್ಣಿನ ಮಟ್ಟದಲ್ಲಿದ್ದು ನೋಟಕ್ಕೆ ಅಡ್ಡಬರುತ್ತದೆ. ಬೆಳಕಿಂಡಿಯಾದರೋ ನೆತ್ತಿಯ ಮೇಲಿದ್ದು, ತಾನು ಕಾಣಿಸಿಕೊಳ್ಳದೆ ಇತರ ವಸ್ತುಗಳನ್ನು ಕಾಣಿಸುತ್ತದೆ. ಗೋಡೆಯ ಅಷ್ಟೇ ಅಗಲದ ಕಿಟಕಿಗಿಂತ ಅದು ಹೆಚ್ಚು ಬೆಳಕು ತರುವುದು, ಏಕೆಂದರೆ ಕಿಟಕಿಗೆ ಆಕಾಶದ ಅರ್ಧವೇ ಕಾಣುವುದು, ಬೆಳಕಿಂಡಿಗೆ ನಡುನೆತ್ತಿಯ ಭಾಗವೆಲ್ಲ ಕಾಣುವುದು. ಅದರೊಳಗಿಂದ ಇಳಿದ ಬಿಸಿಲಕೋಲು ಬೆಳಗಿನಲ್ಲಿ ಪಶ್ಚಿಮದ ಗೋಡೆಯ ಮೇಲೆ ಬಿದ್ದು, ಹೊತ್ತೇರಿದಂತೆ ನೆಲಕ್ಕಿಳಿದು, ಸಂಜೆಗೆ ಪೂರ್ವದ ಗೋಡೆಯನ್ನೇರುತ್ತದೆ. ಗಡಿಯಾರವಿಲ್ಲದ ಮನೆಗೆ ಅದೇ ಗಡಿಯಾರ. ಸಾರಿಸಿದ ನೆಲ ಸೆಗಣಿಯ ಹಸಿರುಗಪ್ಪು ಬಣ್ಣದ್ದಾದ್ದರಿಂದ ಆ ಬಿಸಿಲಿನ ಬಿಲ್ಲೆ ಕಣ್ಣಿಗೆ ಚುಚ್ಚುವುದಿಲ್ಲ. ಗೋಡೆಯ ಮೇಲ್ಭಾಗಕ್ಕೆ ಸುಣ್ಣ, ಬುಡಕ್ಕೆ ಕೆಮ್ಮಣ್ಣು ಬಳಿಯುವ ವಾಡಿಕೆಯೂ ಸೌಂದರ್ಯದೊಡನೆ ಇದೇ ಪ್ರಯೋಜನವನ್ನು ಸಾಧಿಸುತ್ತದೆ. ಮೇಲಿನ ಬಿಳುಪು ಬೆಳಕನ್ನು ಕೋಣೆಯ ಮೂಲೆಗಳಿಗೆ ಹಂಚಿದರೆ, ಕುಳಿತವರ ಕಣ್ಣಿನ ಮಟ್ಟದಲ್ಲಿರುವ ಕೆಂಪು ಅದನ್ನು ಸೌಮ್ಯಗೊಳಿಸುವುದು.

ಪಶ್ಚಿಮದ ನಿಪ್ಪಾಣಿ, ಚಿಕ್ಕೋಡಿಗಳಲ್ಲಿ ಮಳೆ ಹೆಚ್ಚಾದುದರಿಂದ ಮಣ್ಣಿನ ಮಾಳಿಗೆಗೆ ಬದಲಾಗಿ ಇಳಿಜಾರಿನ ಹಂಚಿನ ಮಾಡು ಬಂದಿದೆ. ಅಲ್ಲಿ ಬೆಳಕಿಂಡಿಯ ಸ್ಥಾನವನ್ನು ಹಂಚುಗಳ ನಡುವೆ ಕೂಡಿಸುವ ಗಾಜಿನ ಹಂಚು ತೆಗೆದುಕೊಂಡಿತು. ಮರಾಠಾ ಪದ್ಧತಿಯ ವಾಡೆಗಳಲ್ಲಿ ನಡುವೆ ಚೌಕವಿರುತ್ತದೆ; ಸುತ್ತಲಿನ ಸೂರುಗಳು ಮುಂದೆ ಚಾಚಿಕೊಂಡು ಚೌಕದ ಬೆಳಕನ್ನು ನೆಲದ ಮೂಲಕವೇ ಒಳಕ್ಕೆ ಕಳಿಸುತ್ತವೆ.

ಬೆಳಕಿನ ಸೋಪಾನವನ್ನು ಶಿಲ್ಪಶಾಸ್ತ್ರದ ಔನ್ನತ್ಯಕ್ಕೇರಿಸಿದ ಕಟ್ಟಡವೊಂದು ಈ ಸೀಮೆಯ ಅಂಚಿನಲ್ಲಿಯೇ ಇದೆ. ಕಾಗವಾಡ ತಾಲೂಕಿನ ಜುಗೂಳಕ್ಕೆದುರಾಗಿ ಕೃಷ್ಣೆಯ ಆಚೆದಂಡೆಯಲ್ಲಿ, ಇಂದು ಕೊಲ್ಹಾಪುರ ಜಿಲ್ಲೆಗೆ ಸೇರಿದ ಖಿದ್ರಾಪುರದಲ್ಲಿ, 12ನೆಯ ಶತಮಾನದ ಶಿಲಾಹಾರರ ಕಾಲದ ಕೋಪೇಶ್ವರ ದೇವಾಲಯವಿದೆ. ಅದರ ಮುಂಭಾಗದ ಸ್ವರ್ಗಮಂಟಪದಲ್ಲಿ 48 ಕಂಬಗಳಿವೆ. ನಡುವೆ ಛಾವಣಿಯಿಲ್ಲ, ಸುಮಾರು 13 ಅಡಿ ವ್ಯಾಸದ ವೃತ್ತಾಕಾರದ ತೆರಪು ಆಕಾಶಕ್ಕೆ ಬಾಯ್ದೆರೆದಿದೆ. ಅದರ ಕೆಳಗಿನ ದುಂಡುಶಿಲೆಯ ಮೇಲೆ ನಿಂತವನು ಪೂರ್ಣ ಬಿಸಿಲಿನಲ್ಲಿರುತ್ತಾನೆ. ನಾಲ್ಕು ಹೆಜ್ಜೆ ಮುಂದಿಟ್ಟರೆ ಕಂಬಗಳ ನೆರಳು. ಅಲ್ಲಿಂದ ಗೂಢಮಂಟಪದ ಮಬ್ಬು. ಅದರಾಚೆ ಗರ್ಭಗುಡಿಯ ಕತ್ತಲೆ ಮತ್ತು ದೀಪ. ಭಕ್ತನ ಕಣ್ಣು ಲಿಂಗವನ್ನು ಕಾಣುವ ಹೊತ್ತಿಗೆ ಸಣ್ಣ ದೀಪದ ಬೆಳಕಿಗೂ ಅಣಿಯಾಗಿರುತ್ತದೆ. ಇಲ್ಲಿಲ್ಲದ ನಂದಿಯನ್ನು ಜನ ಚಿಕ್ಕೋಡಿ ತಾಲೂಕಿನ ಯಡೂರಿನಲ್ಲಿ ಗುರುತಿಸುವರಾದ್ದರಿಂದ, ನದಿಯ ಎರಡು ದಂಡೆಗಳೂ ಈ ಕ್ಷೇತ್ರವನ್ನು ತಮ್ಮದೆಂದೇ ಭಾವಿಸಿವೆ.

ಬೆಳಕನ್ನು ಸೋಸುವ ಇನ್ನೊಂದು ಉಪಾಯ ಜಾಲಂಧ್ರ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಶಿಲಾಜಾಲಂಧ್ರಗಳು 8ನೆಯ ಶತಮಾನದವು. ಅಥಣಿಯ ಪೂರ್ವಕ್ಕಿರುವ ವಿಜಯಪುರದ ಇಬ್ರಾಹಿಂ ರೋಜಾದಲ್ಲಿ, 1627ರಲ್ಲಿ ತೀರಿಕೊಂಡ ಎರಡನೆಯ ಇಬ್ರಾಹಿಂ ಆದಿಲಶಾಹನ ಗೋರಿಯ ಸುತ್ತ, ಕಲ್ಲಿನ ಕಿಟಕಿಗಳನ್ನು ಅರಬ್ಬಿ ಅಕ್ಷರಗಳ ಆಕಾರದಲ್ಲಿಯೇ ಕೊರೆದಿದ್ದಾರೆ. ಅಕ್ಷರಗಳ ನಡುವಣ ಸಂದುಗಳಿಂದ ಮಾತ್ರ ಬೆಳಕು ಒಳಬರುತ್ತದೆ. ಕೈರೋ ನಗರದ ಮನೆಗಳ ಮರದ ಮಶ್ರಬಿಯಾ, ಜೈಸಲ್ಮೇರದ ಹಳದಿಗಲ್ಲಿನ ಜಾಲಿ ಇವುಗಳ ತತ್ತ್ವವೂ ಇದೇ. ಒಂದು ದೊಡ್ಡ ಪ್ರಖರ ತುಂಡನ್ನು ನೂರು ಸಣ್ಣ ಚುಕ್ಕಿಗಳಾಗಿ ಒಡೆದರೆ ಕಣ್ಣು ಅವುಗಳ ಸರಾಸರಿಯನ್ನೇ ಗ್ರಹಿಸುತ್ತದೆ. ಜಾಲಿಯ ಕಡ್ಡಿಗಳು ದುಂಡಗಿದ್ದರೆ ಅವುಗಳ ಅಂಚಿನಲ್ಲಿ ಬೆಳಕು ಹಂತಹಂತವಾಗಿ ಕರಗುವುದನ್ನು, ಈಜಿಪ್ಟಿನ ವಾಸ್ತುಶಿಲ್ಪಿ ಹಸನ್ ಫಾತಿ ವಿಶದವಾಗಿ ವಿವರಿಸಿದ್ದಾನೆ. ಲಕ್ಸರ್ ಬಳಿ 1940ರ ದಶಕದಲ್ಲಿ ಆತ ಮಣ್ಣಿನಿಂದಲೇ ಕಟ್ಟಿಸಿದ ಹೊಸ ಗೂರ್ನಾ ಗ್ರಾಮ ಲೋಕಪ್ರಸಿದ್ಧವಾಗಿದೆ. ನಮ್ಮಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಇಟ್ಟಿಗೆಗಳ ನಡುವೆ ಸಂದು ಬಿಟ್ಟು ಕಟ್ಟಿದ ಅಗ್ಗದ ಜಾಲಿಗೋಡೆಗಳು ಬಡವರ ಮನೆಗೂ ಈ ಸೌಕರ್ಯವನ್ನು ತಂದುಕೊಟ್ಟವು.

ಹಳೆಯ ಮನೆ ನಿರ್ದೋಷವೆಂದು ಹೇಳುವುದು ಸತ್ಯಕ್ಕೆ ಅಪಚಾರವಾದೀತು. ಪಡಸಾಲೆಯಲ್ಲಿ ಕುಳಿತ ಗಂಡಸರ ಕಣ್ಣಿಗೆ ದೊರೆತ ಸುಖ ಅಡಿಗೆಮನೆಯ ಹೆಂಗಸರ ಕಣ್ಣಿಗೆ ದೊರೆಯಲಿಲ್ಲ. ಬೆಳಕಿನ ಮೆಟ್ಟಿಲುಗಳು ಇಳಿಯುತ್ತ ಇಳಿಯುತ್ತ ಒಲೆಯ ಬಳಿ ಮುಗಿದೇಹೋಗುತ್ತಿದ್ದುವು. ಜೋಳದ ರೊಟ್ಟಿ ಬಡಿಯುವವಳಿಗೆ ಒಲೆಯ ಉರಿಯೇ ದೀಪವೂ ಕೋರೈಕೆಯೂ ಆಗಿತ್ತು. ಇದ್ದ ಒಂದು ಬೆಳಕಿಂಡಿ ಹೊಗೆ ಹೋಗುವುದಕ್ಕೂ ದಾರಿಯಾಗಿ, ಮಸಿ ಹಿಡಿದು ಮಂಕಾಗುತ್ತಿತ್ತು. ಮಳೆಗಾಲದಲ್ಲಿ ಅದನ್ನೂ ಮುಚ್ಚಿದಾಗ ಹಗಲಿಗೂ ಇರುಳಿಗೂ ಭೇದವಿರುತ್ತಿರಲಿಲ್ಲ. ಹೊಸ ಮನೆಗಳು ಕಿಟಕಿಗಳನ್ನು ದೊಡ್ಡದಾಗಿಸಿದುದಕ್ಕೆ ಈ ಕತ್ತಲೆಯ ನೆನಪೂ ಒಂದು ಕಾರಣ. ಆ ಬಯಕೆ ನ್ಯಾಯವಾದುದು.

ಕಸುಬುಗಳ ದೃಷ್ಟಿಯಿಂದಲೂ ಬೆಳಕಿನ ಗುಣ ಇಲ್ಲಿ ಮುಖ್ಯವಾಗುತ್ತದೆ. ಅಥಣಿ, ನಿಪ್ಪಾಣಿ, ರಾಯಬಾಗ, ಚಿಕ್ಕೋಡಿಗಳ ಚರ್ಮಕುಶಲಿಗಳು ತಯಾರಿಸುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಾಗ ಬೆಳಗಾವಿಯೂ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಅದಕ್ಕೆ ಹಕ್ಕುದಾರರಾದುವು. ತೊಗಲಿನ ಸಣ್ಣ ಎಳೆಗಳನ್ನು ಹೆಣೆಯುವ, ಉಳಿಯಿಂದ ತೂತಿಡುವ ಈ ಕೆಲಸವನ್ನು ಬಹುಮಟ್ಟಿಗೆ ಮನೆಯಲ್ಲಿಯೇ ಮಾಡುವರು. ತೊಗಲು ಕಂದುಬಣ್ಣದ್ದು, ಹೆಣಿಗೆಯ ದಾರವೂ ಅದೇ ಬಣ್ಣದ್ದು, ಆದುದರಿಂದ ಪಕ್ಕದಿಂದ ಬೀಳುವ ಮೃದುವಾದ ಬೆಳಕೊಂದೇ ಅವುಗಳ ಉಬ್ಬುತಗ್ಗುಗಳನ್ನು ತೋರಿಸಬಲ್ಲುದು. ಅಂಥ ಬೆಳಕು ಪಡಸಾಲೆಯದು. ತಗಡಿನ ಛಪ್ಪರದ ಕೆಳಗೆ, ಬಾಗಿಲಿಗೆ ಎದುರಾಗಿ ಕುಳಿತು ದುಡಿಯುವವರ ಕಣ್ಣು ಬೇಗನೆ ಸೋಲುತ್ತದೆ. ನಿಪ್ಪಾಣಿಯ ವಖಾರಿಗಳಲ್ಲಿ ತಂಬಾಕನ್ನು ಬಣ್ಣ ನೋಡಿ ವಿಂಗಡಿಸುವುದಕ್ಕೂ, ಮನೆಯ ಕಟ್ಟೆಯ ಮೇಲೆ ಬೀಡಿ ಕಟ್ಟುವುದಕ್ಕೂ ಈ ಮಾತು ಸಲ್ಲುತ್ತದೆ. ಶಾಲೆಗಳಲ್ಲಿ ಮಕ್ಕಳ ಎಡಗಡೆಯಿಂದ ಬೆಳಕು ಬರಬೇಕು, ಕರಿಹಲಗೆಯ ಪಕ್ಕದಲ್ಲಿ ಕಿಟಕಿ ಇರಕೂಡದು ಎಂಬ ಎರಡು ನಿಯಮಗಳನ್ನು ಪಾಲಿಸಿದರೆ ಸಾಕು, ಅರ್ಧ ತೊಂದರೆ ನೀಗುವುದು.

ಭಾರತೀಯ ಮಾನಕಗಳು ಈ ವಿಷಯದಲ್ಲಿ ಹಳ್ಳಿಯ ಅನುಭವವನ್ನೇ ಅಂಕಿಗಳಲ್ಲಿ ಹೇಳುತ್ತವೆ. ಹೊರಗಿನ ಆಕಾಶದಿಂದ ದೊರೆಯುವ ಬೆಳಕನ್ನು ರಾಷ್ಟ್ರೀಯ ಕಟ್ಟಡ ಸಂಹಿತೆ ಮಿಶ್ರವಾಯುಗುಣದಲ್ಲಿ 8,000 ಲಕ್ಸ್ ಎಂದೂ ಉಷ್ಣಶುಷ್ಕ ವಾಯುಗುಣದಲ್ಲಿ 10,500 ಲಕ್ಸ್ ಎಂದೂ ಎಣಿಸುತ್ತದೆ. ಅಂದರೆ ಅದರ ನೂರನೆಯ ಒಂದು ಪಾಲು ಒಳಗೆ ಬಂದರೂ ಶುಷ್ಕನಾಡಿನಲ್ಲಿ 105 ಲಕ್ಸ್ ಸಿಕ್ಕೀತು. ಆದಕಾರಣವೇ ಕಿಟಕಿಬಾಗಿಲುಗಳ ತೆರಪು ಒದ್ದೆ ಉಷ್ಣಪ್ರದೇಶದಲ್ಲಿ ನೆಲದ ಆರನೆಯ ಒಂದು ಪಾಲಿರಬೇಕೆಂದು ವಿಧಿಸುವ ಅದೇ ಸಂಹಿತೆ ಒಣ ಉಷ್ಣಪ್ರದೇಶಕ್ಕೆ ಹತ್ತನೆಯ ಒಂದು ಪಾಲೇ ಸಾಕೆನ್ನುತ್ತದೆ. ಕರಾವಳಿಯ ಮನೆಯ ನಕ್ಷೆಯನ್ನು ಅಥಣಿಗೆ ತರುವುದು ತರವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ.

2005ರಲ್ಲಿಯೂ 2019ರ ಆಗಸ್ಟಿನಲ್ಲಿಯೂ ಬಂದ ಕೃಷ್ಣೆಯ ಮಹಾಪೂರಗಳಲ್ಲಿ ದಂಡೆಯ ಊರುಗಳ ಮಣ್ಣಿನ ಮನೆಗಳು ನೆನೆದು ಕುಸಿದುವು. ಅವುಗಳ ಜಾಗದಲ್ಲಿ ಸಿಮೆಂಟಿನ ಸ್ಲ್ಯಾಬ್ ಮನೆಗಳೂ ತಗಡಿನ ಶೆಡ್ಡುಗಳೂ ಎದ್ದಿವೆ. ನೀರಿಗೆ ಹೆದರಿದ ಜನ ಮಣ್ಣನ್ನು ತೊರೆದುದು ಸಹಜವೇ. ಆದರೆ ಮಣ್ಣಿನೊಡನೆ ಪಡಸಾಲೆಯನ್ನೂ ತೊರೆದರೆಂಬುದು ವಿಷಾದದ ಸಂಗತಿ. ಇಂದಿನ ಮನೆಯಲ್ಲಿ ರಸ್ತೆಯಿಂದ ನೇರವಾಗಿ ಹಾಲಿಗೆ ಪ್ರವೇಶ. ಎದುರಿಗೆ ಸರಿಯುವ ಗಾಜಿನ ಕಿಟಕಿ. ನೆಲಕ್ಕೆ ಕನ್ನಡಿಯಂತೆ ಹೊಳೆಯುವ ಬಿಳಿ ಟೈಲ್ಸು. ಬಿಸಿಲು ಆ ನೆಲದ ಮೇಲೆ ಬಿದ್ದು ಕೆಳಗಿನಿಂದ ಕಣ್ಣಿಗೆ ಹೊಡೆಯುತ್ತದೆ. ಕೆಳಗಿನಿಂದ ಬರುವ ಬೆಳಕನ್ನು ತಡೆಯಲು ಹುಬ್ಬಾಗಲಿ ರೆಪ್ಪೆಯಾಗಲಿ ನೆರವಾಗದು. ಮನೆಯವರು ಪರದೆ ಎಳೆದು, ಹಗಲು ಹನ್ನೆರಡಕ್ಕೆ ಟ್ಯೂಬ್‌ಲೈಟ್ ಹಚ್ಚಿ ಕುಳಿತುಕೊಳ್ಳುತ್ತಾರೆ. ವಿಪುಲವಾದ ಬೆಳಕು ಹೀಗೆ ಕತ್ತಲೆಯಾಗಿ ಪರಿಣಮಿಸುವುದು ಈ ಸೀಮೆಯ ಊರೂರಿನಲ್ಲಿಯೂ ಮೇ ತಿಂಗಳ ದಿನಚರಿಯಾಗಿದೆ.

ಪರಿಹಾರ ದುಬಾರಿಯಾದುದಲ್ಲ. ದಕ್ಷಿಣದ ನಾಲ್ಕಡಿ ಎತ್ತರದ ಕಿಟಕಿಗೆ ಒಂದೂಕಾಲು ಅಡಿಯ ಛಜ್ಜೆ ಹಾಕಿದರೆ ವಿಷುವದಿನಗಳ ಮಧ್ಯಾಹ್ನದ ಬಿಸಿಲು ನಿಲ್ಲುತ್ತದೆ, ಡಿಸೆಂಬರಿನ ಹಿತವಾದ ಬಿಸಿಲು ಒಳಬರುತ್ತದೆ. ಉತ್ತರದ ಕಿಟಕಿಗೆ ಜೂನ್ ಮಧ್ಯಾಹ್ನದಲ್ಲಿ ಅರ್ಧ ಅಡಿಯೇ ಸಾಕು. ಪಶ್ಚಿಮದ ಮಾತು ಬೇರೆ. ಮೇ ತಿಂಗಳ ಸಂಜೆ ಐದೂವರೆಗೆ ಸೂರ್ಯ ಕ್ಷಿತಿಜದಿಂದ 19 ಡಿಗ್ರಿ ಎತ್ತರದಲ್ಲಿರುವಾಗ ಅದೇ ಕಿಟಕಿಯನ್ನು ಮರೆಮಾಡಲು ಹನ್ನೊಂದಡಿಗೂ ಮಿಕ್ಕ ಛಜ್ಜೆ ಬೇಕಾದೀತು. ಹನ್ನೊಂದಡಿಯ ಛಜ್ಜೆಯೆಂದರೆ ಪಡಸಾಲೆಯಲ್ಲದೆ ಬೇರೇನು? ಪಡಸಾಲೆಗೆ ಜಾಗವಿಲ್ಲದ ಕಡೆ ಪಶ್ಚಿಮಕ್ಕೆ ಕಿಟಕಿ ಬಿಡದಿರುವುದು, ಬಿಟ್ಟರೆ ಇಟ್ಟಿಗೆಯ ಜಾಲಿ ಕಟ್ಟುವುದು, ಮುಂದೊಂದು ಬೇವು ನೆಡುವುದು ಉಚಿತ. ಸ್ಲ್ಯಾಬಿನಲ್ಲಿ ಬೆಳಕಿಂಡಿ ಬಿಟ್ಟರೆ ಸೋರುವುದೆಂಬ ಭಯವಿದ್ದವರು ಗೋಡೆಯ ನೆತ್ತಿಯಲ್ಲಿ, ಛಾವಣಿಗೆ ತಾಗಿದಂತೆ ಅಡ್ಡನೆಯ ಕಿಂಡಿ ಬಿಡಬಹುದು. ಅದರಿಂದ ಬಂದ ಬೆಳಕು ಒಳಮಾಡಿಗೆ ತಾಗಿ ಅಡಿಗೆಮನೆಯ ಮೂಲೆಯವರೆಗೂ ಹರಡುತ್ತದೆ, ಕಣ್ಣಿನ ಮಟ್ಟಕ್ಕೆ ಇಳಿಯುವುದಿಲ್ಲ. ನೆಲಕ್ಕೆ ಹೊಳಪಿಲ್ಲದ ಕಂದು ಅಥವಾ ಬೂದುಬಣ್ಣದ ಕಲ್ಲು, ಒಳಗೋಡೆಗೆ ಮಿರುಗದ ಸುಣ್ಣ, ಇವೆರಡರ ಬೆಲೆ ಬಿಳಿ ಟೈಲ್ಸಿಗಿಂತ ಹೆಚ್ಚಿಲ್ಲ.

ಮಾಳಿಗೆಮನೆಗಳು ದಿನೇ ದಿನೇ ಕಡಿಮೆಯಾಗುತ್ತಿವೆ. ಗಚ್ಚು, ಮೇಲ್ಮುದ್ದೆಗಳ ಕೆಲಸ ಬಲ್ಲ ಗೌಂಡಿಗಳು ಮುಪ್ಪಿನವರಾಗಿದ್ದಾರೆ. ಹಳೆಯ ಮನೆಯನ್ನು ಕೆಡವಲೇಬೇಕಾಗಿ ಬಂದವರು, ಕೆಡವುವ ಮುನ್ನ ಊರಿನ ಗೌಂಡಿಯನ್ನೋ ಓದುವ ಹುಡುಗರನ್ನೋ ಕರೆದು, ಪಡಸಾಲೆಯ ಆಳವೆಷ್ಟು, ಸೂರಿನ ಚಾಚು ಎಷ್ಟು, ಬೆಳಕಿಂಡಿ ಒಲೆಗೆ ಯಾವ ದಿಕ್ಕಿನಲ್ಲಿತ್ತು, ಎಷ್ಟು ಅಂಗುಲವಿತ್ತು ಎಂಬುದನ್ನು ಅಳೆದು ಬರೆಯಿಸಿಟ್ಟುಕೊಳ್ಳಬೇಕೆಂದು ಈ ಸೀಮೆಯ ಓದುಗರಲ್ಲಿ ವಿನಂತಿ.